ಹರ್ಡಲ್ಸ್ ಓಡುವ ಮಗಳು ಹಿಮದ ಇಳಿಜಾರಿಗೆ ಹೋಗಬಹುದೇ?

ಪ್ರಶ್ನೆ: ನಾವು ತೀರ್ಥಹಳ್ಳಿ ತಾಲ್ಲೂಕಿನವರು, ಅಡಿಕೆ ಬೆಳೆಗಾರರು. ಹದಿನಾರು ವರ್ಷದ ಮಗಳು ಶಿವಮೊಗ್ಗದಲ್ಲಿ ಹಾಸ್ಟೆಲ್‌ನಲ್ಲಿದ್ದು ಪ್ರಥಮ ಪಿಯುಸಿ ಓದುತ್ತಿದ್ದಾಳೆ, ನೆಹರು ಕ್ರೀಡಾಂಗಣದಲ್ಲಿ ಅಭ್ಯಾಸ ಮಾಡುತ್ತಾಳೆ. 400 ಮೀಟರ್ ಹರ್ಡಲ್ಸ್ ಅವಳ ಸ್ಪರ್ಧೆ. ರಾಜ್ಯಮಟ್ಟದಲ್ಲಿ ಪದಕ ಬಂದಿದೆ. ಮಾರ್ಚ್ ಎರಡನೇ ವಾರ ಆಯ್ಕೆ ಟ್ರಯಲ್ಸ್ ಇದೆ. ಬೆಂಗಳೂರಿನಲ್ಲಿರುವ ನನ್ನ ತಮ್ಮ ಜನವರಿ ಕೊನೆಯಲ್ಲಿ ಕುಟುಂಬ ಸಮೇತ ಗುಲ್ಮಾರ್ಗ್‌ಗೆ ಹೊರಟಿದ್ದಾನೆ, ಮಗಳನ್ನೂ ಕರೆದಿದ್ದಾನೆ. ಅಲ್ಲಿ ಒಂದು ವಾರ ಸ್ಕೀಯಿಂಗ್ (ಎರಡು ಕಾಲಿಗೂ ಒಂದೊಂದು ಉದ್ದನೆಯ ಪಟ್ಟಿ ಕಟ್ಟಿ ಹಿಮದ ಮೇಲೆ ಜಾರುವುದು) ಅಥವಾ ಸ್ನೋಬೋರ್ಡಿಂಗ್ (ಒಂದೇ ಹಲಗೆಯ ಮೇಲೆ ನಿಂತು ಜಾರುವುದು) ಕಲಿಯುವ ಯೋಚನೆ ಅವರದು. ಸ್ಕೀ ಮಾಡಿದರೆ ತೊಡೆ ಗಟ್ಟಿಯಾಗುತ್ತದೆ, ಓಟಕ್ಕೆ ಒಳ್ಳೆಯದು ಎಂದು ತಮ್ಮ ಹೇಳುತ್ತಾನೆ. ಮೊಣಕಾಲು ಹೋದರೆ ಎಲ್ಲ ಮುಗಿದಂತೆ ಎಂದು ಕೋಚ್ ಹೇಳುತ್ತಾರೆ. ಸ್ನೋಬೋರ್ಡಿಂಗ್ ಆದರೆ ಮೊಣಕಾಲಿಗೆ ಅಪಾಯವಿಲ್ಲ, ಬೇಕಾದರೆ ನೀ ಕ್ಯಾಪ್ ಹಾಕಿಕೊಳ್ಳುತ್ತೇನೆ ಎಂದು ಮಗಳು ಹಟ ಹಿಡಿದಿದ್ದಾಳೆ. ಆಗಸ್ಟ್‌ನಲ್ಲಿ ಅವಳ ಎಡಪಾದ ಉಳುಕಿತ್ತು, ಈಗ ನೋವಿಲ್ಲ. ಎತ್ತರದ ಜಾಗವೆಂದು ತಮ್ಮ ಎಲ್ಲರಿಗೂ ಡೈಯಾಮಾಕ್ಸ್ ಮಾತ್ರೆ ತಂದಿಟ್ಟಿದ್ದಾನೆ. ಕಳಿಸಲೋ ಬೇಡವೋ ತಿಳಿಯುತ್ತಿಲ್ಲ.

ಉತ್ತರ: ನಿಮ್ಮ ಪತ್ರವನ್ನು ಓದುತ್ತ ಬಂದಾಗ ನನ್ನ ಕಣ್ಣು ಮೊದಲು ನಿಂತದ್ದು ಸ್ಕೀಯಿಂಗ್ ಮೇಲಲ್ಲ, ಆ ಮಾತ್ರೆಯ ಮೇಲೆ. ಆದ್ದರಿಂದ ಅದನ್ನು ಮೊದಲು ಮುಗಿಸುತ್ತೇನೆ. ಡೈಯಾಮಾಕ್ಸ್ ಎಂದರೆ ಅಸಿಟಜೋಲಮೈಡ್. ಅದು ಮೂತ್ರವರ್ಧಕ ಔಷಧಿಗಳ ಗುಂಪಿಗೆ ಸೇರಿದ್ದು, ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ, ಅಂದರೆ ವಾಡಾದ, ನಿಷೇಧಿತ ಪಟ್ಟಿಯಲ್ಲಿದೆ. ಸ್ಪರ್ಧೆಯ ದಿನ ಮಾತ್ರವಲ್ಲ, ವರ್ಷದ ಎಲ್ಲ ದಿನವೂ ಅದು ನಿಷಿದ್ಧ. ಮೂತ್ರವನ್ನು ತೆಳುವಾಗಿಸಿ ಬೇರೆ ಮದ್ದುಗಳ ಕುರುಹನ್ನು ಮರೆಮಾಡಲು ಈ ಗುಂಪಿನ ಔಷಧಿಗಳು ಬಳಕೆಯಾಗುವುದೇ ಅದಕ್ಕೆ ಕಾರಣ. ಪ್ರವಾಸಕ್ಕೆಂದು ಮಾವ ಕೊಟ್ಟ ಮಾತ್ರೆ ಎಂಬ ವಿವರಣೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಮೇಲೆ ಅವಳನ್ನು ಸುಲಭವಾಗಿ ಪಾರುಮಾಡುವುದಿಲ್ಲ, ವಯಸ್ಸು ಚಿಕ್ಕದೆಂಬುದೂ ಪೂರ್ತಿ ರಕ್ಷಣೆಯಲ್ಲ. ನಿಮ್ಮ ತಮ್ಮನವರು ತಮಗಾಗಿ ವೈದ್ಯರನ್ನು ಕೇಳಿ ತೆಗೆದುಕೊಳ್ಳಲಿ, ಮಗಳಿಗೆ ಮಾತ್ರ ಆ ಮಾತ್ರೆ ಬೇಡವೇ ಬೇಡ. ಗುಲ್ಮಾರ್ಗ್ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ; ನಮ್ಮ ಕೊಡಚಾದ್ರಿಯ ತುದಿ 1,343 ಮೀಟರ್. ಅಷ್ಟು ಎತ್ತರದಲ್ಲಿ ಕೆಲವರಿಗೆ ತಲೆನೋವು, ವಾಕರಿಕೆ, ನಿದ್ದೆಗೆಡುವುದು ಆಗಬಹುದು. ಆದರೆ ಶ್ರೀನಗರದಲ್ಲಿ ಒಂದು ರಾತ್ರಿ ಉಳಿದು, ಗುಲ್ಮಾರ್ಗ್ ಮುಟ್ಟಿದ ದಿನ ವಿಶ್ರಾಂತಿ ಪಡೆದು, ನೀರು ಚೆನ್ನಾಗಿ ಕುಡಿದರೆ ಆರೋಗ್ಯವಂತ ಹುಡುಗಿಗೆ ಸಾಮಾನ್ಯವಾಗಿ ಔಷಧಿಯ ಅಗತ್ಯ ಬೀಳುವುದಿಲ್ಲ. ತಲೆನೋವು ಬಂದರೆ ಪ್ಯಾರಾಸಿಟಮಾಲ್ ನಿಷಿದ್ಧವಲ್ಲ. ತಲೆನೋವಿನೊಂದಿಗೆ ವಾಂತಿಯೂ ಸೇರಿ ಹೆಚ್ಚುತ್ತ ಹೋದರೆ ಕೆಳಗಿಳಿಯುವುದೇ ಚಿಕಿತ್ಸೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಇವು ಅಪಾಯದ ಆಟಗಳೇ ಎಂಬುದು ನಿಮ್ಮ ಪ್ರಶ್ನೆಯ ಒಂದು ಭಾಗ. ನಿಮ್ಮ ಮಗಳಿಗೆ, ಈ ಜನವರಿಯಲ್ಲಿ, ಟ್ರಯಲ್ಸ್‌ಗೆ ಐದಾರು ವಾರ ಇರುವಾಗ, ಈ ಅಪಾಯ ತೆಗೆದುಕೊಳ್ಳುವಂಥದ್ದೇ ಎಂಬುದು ಇನ್ನೊಂದು ಭಾಗ. ಎರಡನ್ನೂ ಬೆರೆಸಿದ್ದರಿಂದಲೇ ನಿಮ್ಮ ಮನೆಯಲ್ಲಿ ಮಾವನ ಮಾತೂ ಕೋಚ್ ಮಾತೂ ಎದುರುಬದುರಾಗಿ ನಿಂತಿವೆ ಎಂದು ನನಗೆ ತೋರುತ್ತದೆ. ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ.

ಯುರೋಪ್, ಅಮೆರಿಕಗಳ ಸ್ಕೀ ತಾಣಗಳಲ್ಲಿ ದಶಕಗಳಿಂದ ಇಟ್ಟಿರುವ ಲೆಕ್ಕದ ಪ್ರಕಾರ, ಸಾವಿರ ಜನ ಒಂದೊಂದು ದಿನ ಸ್ಕೀ ಮಾಡಿದರೆ ಅವರಲ್ಲಿ ಸುಮಾರು ಇಬ್ಬರಿಂದ ಮೂವರಿಗೆ ಚಿಕಿತ್ಸೆ ಬೇಕಾಗುವಂಥ ಗಾಯವಾಗುತ್ತದೆ. ಸ್ನೋಬೋರ್ಡಿಂಗ್‌ನಲ್ಲಿ ಈ ಪ್ರಮಾಣ ತುಸು ಹೆಚ್ಚು. ಇದು ಭಯಪಡಿಸುವ ಸಂಖ್ಯೆಯಲ್ಲ. ಆದರೆ ಇದು ಪಳಗಿದವರನ್ನೂ ಸೇರಿಸಿ ತೆಗೆದ ಸರಾಸರಿ. ಹೊಸಬರಿಗೆ, ಅದರಲ್ಲೂ ಮೊದಲ ಕೆಲವು ದಿನಗಳಲ್ಲಿ, ಅಪಾಯ ಇದಕ್ಕಿಂತ ಸಾಕಷ್ಟು ಹೆಚ್ಚಿರುತ್ತದೆ. ಮಗಳು ಹೋಗುತ್ತಿರುವುದು ಒಂದು ವಾರಕ್ಕೆ, ಅಂದರೆ ಇಡೀ ಪ್ರವಾಸವೇ ಆ ಮೊದಲ ಕೆಲವು ದಿನಗಳು. ಶಿವಮೊಗ್ಗದಲ್ಲಿ ನನ್ನ ಬಳಿ ಬರುವ ಹರಿದ ಮೊಣಕಾಲುಗಳಲ್ಲಿ ಹೆಚ್ಚಿನವು ಕಬಡ್ಡಿ ಅಂಕಣದವು, ವಾಲಿಬಾಲ್ ಅಂಗಳದವು, ಮಳೆಗಾಲದಲ್ಲಿ ಬೈಕ್ ಜಾರಿದವು ಎಂಬುದನ್ನೂ ಹೇಳಿಬಿಡಬೇಕು. ಹಿಮವೊಂದೇ ಮೊಣಕಾಲಿನ ಶತ್ರು ಎಂದು ಯಾರೂ ಭಾವಿಸಬೇಕಾಗಿಲ್ಲ.

ಹಾಗಾದರೆ ಕೋಚ್ ಅವರ ಆತಂಕಕ್ಕೆ ಆಧಾರವೇನು? ಸ್ಕೀಯಿಂಗ್‌ನ ಒಟ್ಟು ಗಾಯಗಳಲ್ಲಿ ಸುಮಾರು ಮೂರನೇ ಒಂದು ಭಾಗ ಮೊಣಕಾಲಿನವು. ಅವುಗಳಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದು ಎಸಿಎಲ್ ಹರಿಯುವುದು. ಎಸಿಎಲ್ ಎಂದರೆ ಮೊಣಕಾಲಿನ ನಡುವೆ ಓರೆಯಾಗಿ ಹಾದು, ಮೊಣಕಾಲಿನ ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ತಿರುಚಿಕೊಳ್ಳದಂತೆ ಹಿಡಿದಿಡುವ ಲಿಗಮೆಂಟ್, ಅಂದರೆ ಮೂಳೆಗಳನ್ನು ಜೋಡಿಸುವ ಗಟ್ಟಿ ಪಟ್ಟಿ. ಸ್ಕೀ ಬೂಟು ಪಾದದ ಕೀಲಿನ ಮೇಲಕ್ಕೂ ಬಿಗಿಯಾಗಿ ಕೂರುವ ಗಟ್ಟಿ ಚಿಪ್ಪಿನಂಥ ಬೂಟು. ಅದರೊಳಗೆ ಪಾದ ಹೊರಳಲಾರದು, ಆದ್ದರಿಂದ ತಿರುಚುವ ಬಲವೆಲ್ಲ ಮೊಣಕಾಲಿಗೆ ಏರುತ್ತದೆ. ಪಂಪ್‌ಸೆಟ್ ಬಿಚ್ಚುವಾಗ ಸ್ಪ್ಯಾನರ್‌ಗೆ ಉದ್ದನೆಯ ಪೈಪ್ ಸಿಕ್ಕಿಸಿದರೆ ಸ್ವಲ್ಪ ಬಲಕ್ಕೇ ನಟ್ಟು ಅಲುಗುತ್ತದಲ್ಲ, ಕಾಲಿಗೆ ಕಟ್ಟಿದ ಉದ್ದನೆಯ ಸ್ಕೀ ಮೊಣಕಾಲಿಗೆ ಮಾಡುವುದೂ ಅದನ್ನೇ.

ಬೂಟನ್ನು ಸ್ಕೀಗೆ ಬಂಧಿಸುವ ಬೈಂಡಿಂಗ್ ಎಂಬ ಸಾಧನ ಬಿದ್ದಾಗ ತಾನಾಗಿ ಕಳಚಿಕೊಳ್ಳುತ್ತದೆಯಲ್ಲ ಎಂದು ನಿಮ್ಮ ತಮ್ಮ ಕೇಳಬಹುದು. ನಿಜ, 1970ರ ದಶಕದಿಂದ ಈಚೆಗೆ ಬೈಂಡಿಂಗ್‌ಗಳು ಸುಧಾರಿಸಿದ ಮೇಲೆ ಮೊಣಕಾಲಿನ ಕೆಳಗಿನ ಮೂಳೆ ಮುರಿಯುವುದು ಬಹಳ ಕಡಿಮೆಯಾಯಿತು. ಆದರೆ ಅವುಗಳನ್ನು ರೂಪಿಸಿದ್ದೇ ಆ ಮೂಳೆಯನ್ನು ಉಳಿಸಲು. ಎಸಿಎಲ್ ಅನ್ನು ಅವು ಅಷ್ಟಾಗಿ ಕಾಪಾಡುವುದಿಲ್ಲ. ಹೊಸಬರ ಮೊಣಕಾಲು ಹರಿಯುವುದು ಭಾರೀ ವೇಗದಲ್ಲಿ ಮಗುಚಿದಾಗ ಮಾತ್ರವಲ್ಲ. ಬಹುಪಾಲು ನಿಧಾನವಾಗಿ, ಹಿಂದಕ್ಕೆ ವಾಲಿ ಕುಕ್ಕರಿಸುವಂತೆ ಬೀಳುವಾಗ ಸೊಂಟ ಮೊಣಕಾಲಿಗಿಂತ ಕೆಳಗಿಳಿದು, ಭಾರವೆಲ್ಲ ಇಳಿಜಾರಿನ ಕೆಳಬದಿಯ ಸ್ಕೀಯ ಹಿಂತುದಿಯ ಒಳ ಅಂಚಿನ ಮೇಲೆ ಬಿದ್ದು, ಆ ಸ್ಕೀ ಕಾಲನ್ನು ಒಳಕ್ಕೆ ತಿರುಚುತ್ತದೆ. ಅಷ್ಟು ನಿಧಾನದ ಬೀಳುವಿಕೆಯಲ್ಲಿ ಬೈಂಡಿಂಗ್ ಕಳಚಿಕೊಳ್ಳದೆಯೇ ಇರಬಹುದು.

ಇಲ್ಲಿ ನಿಮ್ಮ ಮಗಳಂಥ ಕ್ರೀಡಾಪಟುವಿನ ವಿಷಯದಲ್ಲಿ ಒಂದು ವಿಶೇಷವಿದೆ, ಮನೆಯವರು ಯೋಚಿಸುವುದು ಹೆಚ್ಚಾಗಿ ಇದರ ತಿರುಗುಮುರುಗಾಗಿ. ಗಟ್ಟಿಮುಟ್ಟಾದವಳು, ಅವಳಿಗೇನೂ ಆಗದು ಎಂದುಕೊಳ್ಳುತ್ತಾರೆ. ಹರ್ಡಲ್ಸ್ ಓಡುವವಳಿಗೆ ಮುಗ್ಗರಿಸಿದರೂ ಬೀಳದೆ ಚೇತರಿಸಿಕೊಂಡು ಓಡುವುದು ಮೈಗೂಡಿದ ಸ್ವಭಾವ. ಹಿಮದ ಮೇಲೆ ಅದೇ ಸ್ವಭಾವ ಮುಳುವಾಗುತ್ತದೆ, ಏಕೆಂದರೆ ಹಿಂದಕ್ಕೆ ವಾಲಿದ ಮೇಲೆ ಏಳಲು ಹೆಣಗುವ ಕ್ಷಣದಲ್ಲೇ ಲಿಗಮೆಂಟ್ ಹರಿಯುವುದು. ಬೀಳುತ್ತಿದ್ದೇನೆ ಎಂದು ತಿಳಿದ ಕೂಡಲೇ ಹೆಣಗಾಟ ಬಿಟ್ಟು, ಕೈಗಳನ್ನು ಮುಂದಿಟ್ಟು, ಎರಡೂ ಸ್ಕೀಗಳನ್ನು ಜೋಡಿಸಿ, ಪಕ್ಕಕ್ಕೆ ಹೊರಳಿ ಬೀಳುವುದನ್ನು ಅವಳು ಹೊಸದಾಗಿ ಕಲಿಯಬೇಕು. ಜೊತೆಗೆ, ಕಾಲಿನಲ್ಲಿ ಬಲವಿರುವುದರಿಂದ, ಮನಸ್ಸಿನಲ್ಲಿ ಅಂಜಿಕೆ ಇಲ್ಲದಿರುವುದರಿಂದ, ಮೂರನೇ ದಿನಕ್ಕೇ ಅವಳು ತನ್ನ ಕೌಶಲಕ್ಕೆ ಮೀರಿದ ಇಳಿಜಾರಿನಲ್ಲಿರುತ್ತಾಳೆ. ಇನ್ನು, ಹವ್ಯಾಸಕ್ಕಾಗಿ ಸ್ಕೀ ಮಾಡುವವರಲ್ಲಿ ಎಸಿಎಲ್ ಹರಿಯುವುದು ಪುರುಷರಿಗಿಂತ ಮಹಿಳೆಯರಲ್ಲಿ ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚು. ಸೊಂಟ ಮತ್ತು ಮೊಣಕಾಲಿನ ರಚನೆ, ಸ್ನಾಯುಗಳು ಕೀಲನ್ನು ಹಿಡಿದಿಡುವ ಬಗೆ, ಹೀಗೆ ಕಾರಣಗಳು ಹಲವು. ಹುಡುಗಿಯೆಂದು ತಡೆಯಿರಿ ಎನ್ನುವುದಕ್ಕೆ ನಾನು ಇದನ್ನು ಹೇಳುತ್ತಿಲ್ಲ; ಸರಿಯಾದ ನೆಗೆತ, ಇಳಿತ ಮತ್ತು ಸಮತೋಲನದ ತರಬೇತಿಯಿಂದ ಹುಡುಗಿಯರಲ್ಲಿ ಈ ಗಾಯವನ್ನು ಸುಮಾರು ಅರ್ಧದಷ್ಟು ತಗ್ಗಿಸಬಹುದು ಎಂದು ಮೈದಾನದ ಆಟಗಳಲ್ಲಿ ಸಾಬೀತಾಗಿದೆ.

ಎಸಿಎಲ್ ಹರಿದರೆ ಬದುಕೇ ಮುಗಿಯುವುದಿಲ್ಲ, ಅದೂ ನಿಜ. ಶಸ್ತ್ರಚಿಕಿತ್ಸೆಯಾಗಿ ಸ್ಪರ್ಧೆಗೆ ಮರಳಿದವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಕನಿಷ್ಠ ಒಂಬತ್ತು ತಿಂಗಳು ಕಾಯದೆ ಮರಳಿದರೆ ಮತ್ತೆ ಹರಿಯುವ ಸಂಭವ ಏರುತ್ತದೆ. ಅಷ್ಟು ಕಾದ ಮೇಲೂ, ಓಟ, ನೆಗೆತಗಳಿರುವ ಆಟಕ್ಕೆ ಹಿಂತಿರುಗುವ ಎಳೆಯ ಕ್ರೀಡಾಪಟುಗಳಲ್ಲಿ ನಾಲ್ಕೈದು ಮಂದಿಗೆ ಒಬ್ಬರಂತೆ ಅದೇ ಕಾಲಿನಲ್ಲೋ ಇನ್ನೊಂದರಲ್ಲೋ ಎರಡನೇ ಬಾರಿ ಹರಿಯುತ್ತದೆ. ಹದಿನಾರನೇ ವಯಸ್ಸಿನಲ್ಲಿ ಇದು ಸಣ್ಣ ಬೆಲೆಯಲ್ಲ. ಜರ್ಮನಿಯ ಗೋಲ್‌ಕೀಪರ್ ಮ್ಯಾನುಯೆಲ್ ನೋಯರ್ 2022ರ ಡಿಸೆಂಬರ್‌ನಲ್ಲಿ, ಫುಟ್‌ಬಾಲ್ ವಿಶ್ವಕಪ್‌ನಿಂದ ಜರ್ಮನಿ ಹೊರಬಿದ್ದ ಮೇಲಿನ ರಜೆಯಲ್ಲಿ ಸ್ಕೀ ಮಾಡಲು ಹೋಗಿ ಕಾಲು ಮುರಿದುಕೊಂಡು, ಮತ್ತೆ ಪಂದ್ಯಕ್ಕಿಳಿದದ್ದು 2023ರ ಅಕ್ಟೋಬರ್‌ನಲ್ಲಿ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಂಡವಾದ ಲೇಕರ್ಸ್‌ನ ವ್ಲಾದಿಮಿರ್ ರಾದ್ಮನೋವಿಚ್ 2007ರಲ್ಲಿ ಸ್ನೋಬೋರ್ಡ್ ಮೇಲೆ ಬಿದ್ದು ಭುಜಕ್ಕೆ ಗಾಯ ಮಾಡಿಕೊಂಡಾಗ, ಕ್ಲಬ್ ಅವರಿಗೆ ಐದು ಲಕ್ಷ ಡಾಲರ್ ದಂಡ ಹಾಕಿತು. ತಮ್ಮ ಆಟಗಾರರನ್ನು ಹಿಮದಿಂದ ದೂರವಿಡಲು ಕ್ಲಬ್‌ಗಳು ಒಪ್ಪಂದದಲ್ಲೇ ಷರತ್ತು ಹಾಕುವುದು ಸುಮ್ಮನೆ ಅಲ್ಲ.

ಮಗಳ ವಾದಕ್ಕೆ ಬರುತ್ತೇನೆ. ಸ್ನೋಬೋರ್ಡಿಂಗ್‌ನಲ್ಲಿ ಮೊಣಕಾಲಿನ ಗಾಯ ಕಡಿಮೆ ಎಂಬುದು ಸರಿ, ಏಕೆಂದರೆ ಎರಡೂ ಪಾದಗಳು ಒಂದೇ ಹಲಗೆಗೆ ಬಿಗಿದಿರುವುದರಿಂದ ಒಂದು ಕಾಲು ಬೇರೆಯಾಗಿ ತಿರುಚಿಕೊಳ್ಳುವುದಿಲ್ಲ. ಅಪಾಯವೇ ಇಲ್ಲ ಎಂಬುದು ಮಾತ್ರ ಸರಿಯಲ್ಲ. ಕಾಲು ಚಾಚಲು ಬಾರದೆ ಹೊಸಬರು ಮುಂದಕ್ಕೆ ಬಿದ್ದರೆ ಕೈಯೂರುತ್ತಾರೆ, ಮಣಿಕಟ್ಟು ಮುರಿಯುತ್ತದೆ. ಭುಜ ಜಾರುವುದು, ಕೊರಳೆಲುಬು ಮುರಿಯುವುದೂ ಉಂಟು. ಹಲಗೆಯ ಹಿಂದಿನ ಅಂಚು ಹಿಮಕ್ಕೆ ಸಿಕ್ಕಿಕೊಂಡರೆ ಅಂಗಾತ ಬೀಳುತ್ತಾರೆ, ತಲೆಯ ಹಿಂಭಾಗಕ್ಕೆ ಪೆಟ್ಟಾಗುತ್ತದೆ. ಹಿಮ ಹತ್ತಿಯಂತೆ ಮೆತ್ತಗಿರುತ್ತದೆ ಎಂದು ಮಲೆನಾಡಿನಲ್ಲಿ ಕುಳಿತು ನಾವು ಕಲ್ಪಿಸಿಕೊಳ್ಳುತ್ತೇವೆ. ಯಂತ್ರದಿಂದ ಒತ್ತಿ ಸಮ ಮಾಡಿದ ಕಲಿಕೆಯ ಇಳಿಜಾರು ಬೆಳಗಿನ ಹೊತ್ತು ಬಹುತೇಕ ಮಂಜುಗಡ್ಡೆಯಷ್ಟೇ ಗಡುಸಾಗಿರುತ್ತದೆ.

ಯಾವ ಗಾಯ ಎಷ್ಟು ದುಬಾರಿ ಎಂಬುದು ಆಡುವ ಆಟವನ್ನು ಅವಲಂಬಿಸಿದೆ. ಜಾವೆಲಿನ್ ಎಸೆಯುವವಳಿಗೋ ಬ್ಯಾಡ್ಮಿಂಟನ್ ಆಡುವವಳಿಗೋ ಮಣಿಕಟ್ಟು, ಭುಜ ಹೋದರೆ ಋತುವೇ ಹೋಯಿತು. ಓಟಗಾರ್ತಿಯಾದರೆ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಕೊಂಡೂ ಸ್ವಲ್ಪ ಅಭ್ಯಾಸ ಉಳಿಸಿಕೊಳ್ಳಬಹುದು, ಆದರೆ ಮೊಣಕಾಲು ಅಥವಾ ಪಾದ ಹೋದರೆ ಏನೂ ಉಳಿಯದು. ಈ ತರ್ಕದಲ್ಲಿ ನಿಮ್ಮ ಮಗಳಿಗೆ ಎರಡರಲ್ಲಿ ಸ್ನೋಬೋರ್ಡ್ ವಾಸಿ ಎಂದು ನಾನು ಹೇಳಿಬಿಡುತ್ತಿದ್ದೆ, ಅವಳ ಎಡಪಾದ ಉಳುಕಿರದಿದ್ದರೆ. ಸ್ನೋಬೋರ್ಡ್ ಮೇಲೆ ಹೆಚ್ಚಿನವರು ಎಡಗಾಲು ಮುಂದಿಟ್ಟು ನಿಲ್ಲುತ್ತಾರೆ, ಪಾದದ ಗಾಯಗಳೂ ಮುಂದಿನ ಕಾಲಿಗೇ ಹೆಚ್ಚು. ಸ್ಕೀಯಂತಲ್ಲದೆ ಇಲ್ಲಿ ಬೂಟು ಮೆದು, ಆದ್ದರಿಂದ ಪಾದದ ಕೀಲು ಮಣಿಯುತ್ತದೆ. ಆ ಕೀಲಿನ ಟೇಲಸ್ ಎಂಬ ಮೂಳೆಯ ಹೊರಬದಿಯ ಸಣ್ಣ ಚಾಚು ಮುರಿಯುವುದು ಸ್ನೋಬೋರ್ಡಿಗರಲ್ಲಿ ಗೊತ್ತಿರುವ ಗಾಯ; ಸಾಮಾನ್ಯ ಎಕ್ಸ್‌ರೇಯಲ್ಲಿ ಅದು ಹಲವೊಮ್ಮೆ ಕಾಣುವುದಿಲ್ಲ, ಉಳುಕು ಎಂದುಕೊಂಡು ವಾರಗಟ್ಟಲೆ ಎಣ್ಣೆ ಹಚ್ಚಿ ಕೂರುವಂತಾಗುತ್ತದೆ, ಸಿ.ಟಿ. ಸ್ಕ್ಯಾನ್ ಮಾಡಿದಾಗಲೇ ಬಯಲಾಗುತ್ತದೆ. ಆಗಸ್ಟ್‌ನ ಉಳುಕಿನಲ್ಲಿ ನೋವು ಹೋಗಿದೆ ಎಂದರೆ ಕೀಲಿನ ಹಿಡಿತ ಪೂರ್ತಿ ಮರಳಿದೆ ಎಂದರ್ಥವಲ್ಲ. ಕಣ್ಣು ಮುಚ್ಚಿ ಎಡಗಾಲೊಂದರ ಮೇಲೆ ನಿಲ್ಲಲು ಹೇಳಿ. ಬಲಗಾಲಿನಷ್ಟು ಹೊತ್ತು ಅಲುಗದೆ ನಿಲ್ಲಲಾಗದಿದ್ದರೆ ಹಿಮವಿರಲಿ, ಹರ್ಡಲ್ಸ್‌ಗಾಗಿಯೇ ಅದನ್ನು ಸರಿಪಡಿಸಿಕೊಳ್ಳಬೇಕು.

ನೀ ಕ್ಯಾಪ್ ಬಗ್ಗೆ ಹೇಳುವುದು ಹೆಚ್ಚಿಲ್ಲ. ಅಂಗಡಿಯಲ್ಲಿ ಸಿಗುವ ಎಲಾಸ್ಟಿಕ್ ಪಟ್ಟಿ ಬಿಸಿ ಕೊಡುತ್ತದೆ, ಧೈರ್ಯ ಕೊಡುತ್ತದೆ, ಎಸಿಎಲ್ ಕಾಯುವುದಿಲ್ಲ.

ಮಾವನ ಮಾತಿನ ಸತ್ಯವೇನೆಂದರೆ, ವರ್ಷಗಟ್ಟಲೆ ಸ್ಕೀ ಮಾಡುವವರ ತೊಡೆಯ ಸ್ನಾಯುಗಳು ನಿಜಕ್ಕೂ ಬಲಿಷ್ಠವಾಗುತ್ತವೆ, ಸಮತೋಲನವೂ ಹೆಚ್ಚುತ್ತದೆ. ಆದರೆ ಕಲಿಕೆಯ ಇಳಿಜಾರಿನಲ್ಲಿ ಒಂದು ವಾರ ಬಿದ್ದೆದ್ದರೆ ಬರುವುದು ಬಲವಲ್ಲ, ಮೈಕೈ ನೋವು. ಆ ವಾರ ಓಟದ ಅಭ್ಯಾಸವೂ ನಿಲ್ಲುತ್ತದೆ. ತೊಡೆಗೆ ಆ ಬಗೆಯ ಕಸರತ್ತು ಬೇಕಿದ್ದರೆ ಕೊಡಚಾದ್ರಿಯನ್ನೋ ಕವಲೇದುರ್ಗವನ್ನೋ ಹತ್ತಿ, ಜಾಗರೂಕತೆಯಿಂದ ಇಳಿದು ಬಂದರೂ ಸಿಗುತ್ತದೆ. ಹಾಗೆಂದು ಒಂದೇ ಆಟಕ್ಕೆ ಮಗುವನ್ನು ಕಟ್ಟಿಹಾಕುವುದು ಒಳ್ಳೆಯದೆಂದು ನಾನು ನಂಬಿದವನಲ್ಲ. ಎಳವೆಯಲ್ಲಿ ಹಲವು ಆಟ ಆಡಿದವರಿಗೆ ದಣಿವು, ಬೇಸರ, ಒಂದೇ ಕೀಲಿನ ಮೇಲಿನ ಒತ್ತಡ ಎಲ್ಲವೂ ಕಡಿಮೆ. ಜೆಕ್ ದೇಶದ ಎಸ್ತರ್ ಲೆಡೆಟ್ಸ್ಕಾ 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಸ್ಕೀಯಿಂಗ್, ಸ್ನೋಬೋರ್ಡಿಂಗ್ ಎರಡರಲ್ಲೂ ಚಿನ್ನ ಗೆದ್ದವರು. ಮಗಳ ಆಸೆಯನ್ನು ಅಡ್ಡದಾರಿ ಎಂದು ಬದಿಗೆ ಸರಿಸಬೇಡಿ.

ನನ್ನ ಅಭಿಪ್ರಾಯ ಹೀಗಿದೆ. ಗುಲ್ಮಾರ್ಗ್‌ಗೆ ಕಳಿಸಿ, ಆದರೆ ಈ ಬಾರಿ ಇಳಿಜಾರಿನ ಸ್ಕೀಯಿಂಗ್ ಬೇಡ, ಸ್ನೋಬೋರ್ಡಿಂಗ್ ಕೂಡ ಬೇಡ. ಕಾರಣ ಎಸಿಎಲ್ ಒಂದೇ ಅಲ್ಲ. ಮೊಣಕಾಲಿನ ಒಳಬದಿಯ ಲಿಗಮೆಂಟ್ ಸ್ವಲ್ಪ ಎಳೆದುಕೊಂಡರೂ, ಅಂದರೆ ಬೇರೆಯವರು ಮೂರು ವಾರದಲ್ಲಿ ಮರೆತುಬಿಡುವಂಥ ಗಾಯವಾದರೂ, ಮಾರ್ಚ್ ಟ್ರಯಲ್ಸ್‌ನಲ್ಲಿ ಅವಳು ಹರ್ಡಲ್ಸ್ ಮುಂದೆ ನಿಲ್ಲಲಾರಳು. ಬದಲಿಗೆ ಕ್ರಾಸ್‌ಕಂಟ್ರಿ ಸ್ಕೀಯಿಂಗ್ ಇದೆ. ಸಮತಟ್ಟಾದ ಹಿಮದ ಬಯಲಿನಲ್ಲಿ ಉದ್ದನೆಯ ಹಗುರ ಸ್ಕೀ ಹಾಕಿಕೊಂಡು, ಕೈಕೋಲುಗಳನ್ನು ಊರುತ್ತ ಸಾಗುವ ಈ ಆಟದಲ್ಲಿ ಬೂಟು ಮೆದುವಾಗಿರುತ್ತದೆ, ಹಿಮ್ಮಡಿ ಬಿಡುವಾಗಿ ಏಳುತ್ತದೆ, ವೇಗ ಕಡಿಮೆ, ಗಾಯಗಳೂ ಬಹಳ ಕಡಿಮೆ. ಉಸಿರಿಗೆ ಇದಕ್ಕಿಂತ ಕಠಿಣ ವ್ಯಾಯಾಮ ಸಿಗುವುದು ಕಷ್ಟ. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಈ ಆಟದಲ್ಲೇ ದೇಶವನ್ನು ಪ್ರತಿನಿಧಿಸಿದವರು. ಹಿಮ ಬೀಳದ ನಾಡಿನ ಹುಡುಗಿಗೂ ಹಿಮದ ದಾರಿ ತೆರೆದಿದೆ ಎಂದು ಮಗಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ದಿನಕ್ಕೆ ಅರ್ಧ ಹೊತ್ತು, ಬೋಧಕರ ಜೊತೆಗೆ, ಇಳಿಜಾರಿಗೆ ಹೋಗದೆ ಮಾಡಿದರೆ ಸಾಕು. ಸ್ಲೆಡ್ಜ್ ಗಾಡಿಯಲ್ಲಿ ಜಾರುವುದು ಮಕ್ಕಳಾಟದಂತೆ ಕಂಡರೂ ಅದಕ್ಕೆ ಬ್ರೇಕ್ ಇಲ್ಲ, ಅದನ್ನೂ ಬಿಡಲಿ.

ನಿಜವಾದ ಸ್ಕೀಯಿಂಗ್ ಯಾವಾಗ? ನಮ್ಮ ದೇಶದಲ್ಲಿ ಹಿಮದ ಋತು ಜನವರಿಯಿಂದ ಮಾರ್ಚ್‌ವರೆಗೆ, ಓಟಗಾರರು ವರ್ಷದ ಅಡಿಪಾಯ ಹಾಕುವ ಕಾಲವೂ ಅದೇ. ಮುಂದಿನ ವರ್ಷ ದ್ವಿತೀಯ ಪಿಯುಸಿ ಪರೀಕ್ಷೆ ಎದುರಿಗಿರುತ್ತದೆ. ಹಾಗಾಗಿ ಎರಡು ವರ್ಷ ಕಾಯಬೇಕಾಗಬಹುದು, ಹದಿನಾರರ ಹುಡುಗಿಗೆ ಅದು ಎಷ್ಟು ದೀರ್ಘವೆಂಬುದನ್ನು ಬಲ್ಲೆ. ಆದರೆ ಹಾಗೆ ಕಾದು, ಮೂರು ತಿಂಗಳು ಮುಖ್ಯ ಸ್ಪರ್ಧೆಯಿಲ್ಲದ ಒಂದು ಜನವರಿಯನ್ನು ಕೋಚ್ ಜೊತೆ ಕುಳಿತು ಗೊತ್ತುಮಾಡಿಕೊಂಡರೆ, ಎರಡು ತಿಂಗಳು ಮೊದಲೇ ಒಂಟಿಕಾಲಿನ ಸಮತೋಲನ, ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಬಲ, ಪಕ್ಕಕ್ಕೆ ನೆಗೆದು ಮೊಣಕಾಲು ಒಳಕ್ಕೆ ಬಾಗದಂತೆ ಇಳಿಯುವ ಅಭ್ಯಾಸ ಶುರುಮಾಡಿದರೆ, ನಾನೇ ಹೋಗಿ ಬಾ ಎನ್ನುತ್ತೇನೆ. ಗುಲ್ಮಾರ್ಗ್‌ನಲ್ಲಿ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ, ಮನಾಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಹೆಸರಿನ ಪರ್ವತಾರೋಹಣ ಸಂಸ್ಥೆ ಇದೆ. ಇಂಥ ಕಡೆ ಕ್ರಮವಾಗಿ ಕಲಿಸುವ ಕೋರ್ಸ್ ಸೇರುವುದು, ಇಳಿಜಾರಿನ ಬುಡದಲ್ಲಿ ಸಿಕ್ಕ ಗೈಡ್‌ನಿಂದ ಗಂಟೆ ಲೆಕ್ಕದಲ್ಲಿ ಕಲಿಯುವುದಕ್ಕಿಂತ ಎಷ್ಟೋ ಮೇಲು.

ಇಷ್ಟೆಲ್ಲ ಓದಿಯೂ ಈ ಜನವರಿಯಲ್ಲೇ ಇಳಿಜಾರಿಗೆ ಹೋಗುತ್ತೇನೆಂದು ಅವಳು ನಿರ್ಧರಿಸಿದರೆ, ನೀವೂ ಒಪ್ಪಿದರೆ, ಕೆಲವನ್ನು ಬಿಡುವಂತಿಲ್ಲ. ಸರಿಯಾದ ಅಳತೆಯ ಹೆಲ್ಮೆಟ್ ಬೇಕು, ಸ್ನೋಬೋರ್ಡ್ ಆದರೆ ಮಣಿಕಟ್ಟಿನ ಗಾರ್ಡ್ ಬೇಕು. ಎರಡೂ ಗಾಯವನ್ನು ಕಡಿಮೆ ಮಾಡುತ್ತವೆಂದು ಗಟ್ಟಿಯಾಗಿ ಹೇಳಬಹುದು. ಬಾಡಿಗೆ ಸ್ಕೀಯ ಬೈಂಡಿಂಗ್ ಅನ್ನು ಅವಳ ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ ಮತ್ತು ಹೊಸಬಳೆಂಬುದನ್ನು ನೋಡಿ ಅವಳ ಎದುರಿಗೇ ಹೊಂದಿಸಿಕೊಡಬೇಕು. ಹಿಂದಿನ ಗಿರಾಕಿಗೆ ಹೊಂದಿಸಿದ್ದನ್ನು ಹಾಗೆಯೇ ಹಾಕಿಕೊಳ್ಳಬಾರದು. ಹಿಮ ಬಿಸಿಲನ್ನು ಕಣ್ಣಿಗೆ ಎರಚುತ್ತದೆ, ಕನ್ನಡಕ ತೆಗೆಯಬಾರದು. ಮಧ್ಯಾಹ್ನದ ಮೇಲೆ ಕಾಲು ಸೋತಿದೆ ಅನ್ನಿಸಿದಾಗ ಕೊನೆಯ ಒಂದು ಸುತ್ತು ಎಂಬ ಆಸೆ ಬಿಡಬೇಕು. ಗೊಂಡೋಲ ಎಂಬ ಕೇಬಲ್ ಕಾರ್ ಏರಿ ಅಫರ್ವತ್ ಬೆಟ್ಟದ ಮೇಲ್ಭಾಗದ ಕಾವಲಿಲ್ಲದ ಇಳಿಜಾರುಗಳಿಗೆ ಯಾರ ಜೊತೆಗೂ ಹೋಗಕೂಡದು. 2023 ಮತ್ತು 2024ರಲ್ಲಿ ಆ ಬೆಟ್ಟದಲ್ಲಿ ಹಿಮ ಕುಸಿದು ಪಳಗಿದ ವಿದೇಶಿ ಸ್ಕೀಯರ್‌ಗಳೇ ಪ್ರಾಣ ಕಳೆದುಕೊಂಡಿದ್ದಾರೆ. ವಿಮೆಯ ಕಾಗದವನ್ನೂ ತೆಗೆದು ನೋಡಿ, ಹಲವು ಪಾಲಿಸಿಗಳು ಸಾಹಸ ಕ್ರೀಡೆಯ ಗಾಯಕ್ಕೆ ಹಣ ಕೊಡುವುದಿಲ್ಲ.

ಬಿದ್ದಾಗ ಮೊಣಕಾಲಿನಲ್ಲಿ ಟಪ್ ಎಂದ ಸದ್ದಾಗಿ, ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ, ನೋವು ಸಹಿಸಬಹುದಾದಷ್ಟೇ ಇದ್ದರೂ ಅವಳು ಜಾರಿ ಕೆಳಗಿಳಿಯಬಾರದು, ಯಾರಾದರೂ ಹೊತ್ತು ತರಲಿ. ಊರಿಗೆ ಬಂದ ಮೇಲೆ ಎಂ.ಆರ್.ಐ. ತಪ್ಪಿಸಬೇಡಿ. ಏನೂ ಆಗದೆ ಮರಳಿದರೂ ಮೊದಲ ವಾರ ಸ್ಪೈಕ್ಸ್ (ಮೊಳೆಯಿರುವ ಓಟದ ಬೂಟು) ಹಾಕುವುದು ಬೇಡ. ಎರಡು ಮೂರು ದಿನ ಹಗುರ ಓಟ, ಆಮೇಲೆ ಸಮತಟ್ಟಿನಲ್ಲಿ ವೇಗದ ಓಟ, ಎರಡೂ ಕಾಲುಗಳಲ್ಲಿ ಒಂದೇ ಸಮ ನೆಗೆಯಲು ಆಗುತ್ತಿದೆ ಎಂದು ಕೋಚ್ ನೋಡಿ ಒಪ್ಪಿದ ನಂತರವೇ ಹರ್ಡಲ್ಸ್.